ಚಿಕ್ಕ ಅಕ್ಷರದ ಗುಮಾಸ್ತ

ಆ ಆಸ್ಪತ್ರೆಯಲ್ಲಿ ಹೆಸರು ಎಲ್ಲರಿಗೂ ಸಿಗುವ ಸವಲತ್ತಾಗಿರಲಿಲ್ಲ. ಕಾಯಂ ನೌಕರರ ಬ್ಯಾಡ್ಜಿನಲ್ಲಿ ಮೇಲೆ ಹೆಸರು, ಕೆಳಗೆ ಹುದ್ದೆ. ಹಂಗಾಮಿಯವರ ಬ್ಯಾಡ್ಜಿನಲ್ಲಿ ಬರೀ ಹುದ್ದೆ. ಹಂಗಾಮಿಯವರು ಹನ್ನೊಂದು ತಿಂಗಳಿಗೊಮ್ಮೆ ಬರುತ್ತಾರೆ, ಹೋಗುತ್ತಾರೆ, ಒಬ್ಬೊಬ್ಬರ ಹೆಸರನ್ನೂ ಅಚ್ಚು ಹಾಕಿಸುತ್ತ ಕೂರಲು ಇದೇನು ಬಹುಮಾನ ವಿತರಣೆಯೇ ಎಂದು ಯಾವುದೋ ಕಾಲದ ಮ್ಯಾನೇಜರೊಬ್ಬ ತೀರ್ಮಾನಿಸಿದ್ದನಂತೆ. ಆಫೀಸಿನ ಬೀರುವಿನ ಕೆಳಗಿನ ಖಾನೆಯಲ್ಲಿ ಬ್ಯಾಡ್ಜುಗಳ ಒಂದು ಡಬ್ಬಿ ಇತ್ತು. ಸೇರಿದ ದಿನ ಅದರಿಂದ ಒಂದನ್ನು ಹೆಕ್ಕಿ ಚುಚ್ಚಿಕೊಳ್ಳಬೇಕು, ಬಿಟ್ಟ ದಿನ ಬಿಚ್ಚಿ ಅದರೊಳಗೇ ಹಾಕಬೇಕು.

ನಮ್ಮ ಗುಮಾಸ್ತನ ಪಾಲಿಗೆ ಬಂದದ್ದು ಇಂಗ್ಲಿಷಿನಲ್ಲಿ ಕ್ಲರ್ಕ್ ಎಂದು ಬರೆದಿದ್ದ, ಮೂಲೆ ಸವೆದ ಒಂದು ಬ್ಯಾಡ್ಜು. ಅದರಲ್ಲೂ ಮೊದಲ ಅಕ್ಷರ ಚಿಕ್ಕದು. ಹನ್ನೊಂದು ತಿಂಗಳಿಗೊಮ್ಮೆ ಕೆಲಸ ಮುಂದುವರಿಸಿಕೊಳ್ಳುತ್ತ ಬಂದಿದ್ದ ಮೂರು ವರ್ಷವೂ ಆ ಚಿಕ್ಕ ಅಕ್ಷರ ಅವನ ಎದೆಗೆ ಮುಳ್ಳಾಗಿತ್ತು. ದೂರು ಕೊಡೋಣವೆಂದರೆ ಕೊಡುವಂತಿರಲಿಲ್ಲ. ಇಂಗ್ಲಿಷ್ ವ್ಯಾಕರಣವನ್ನು ಅರೆದು ಕುಡಿದವನು ಅವನು. ಗುಮಾಸ್ತ ಎಂಬುದು ಕಾಮನ್ ನೌನ್, ಇಡೀ ಗುಂಪಿಗೆ ಸೇರಿ ಒಂದೇ ಹೆಸರು, ಅದಕ್ಕೆ ಚಿಕ್ಕ ಅಕ್ಷರವೇ ಸರಿ. ದೊಡ್ಡ ಅಕ್ಷರವೇನಿದ್ದರೂ ಪ್ರಾಪರ್ ನೌನಿಗೆ, ಅಂದರೆ ಇಂಥವನೇ ಎಂದು ಬೆರಳು ಮಾಡಿ ತೋರಿಸಬಹುದಾದ ಒಬ್ಬನಿಗೆ. ಆಸ್ಪತ್ರೆ ಅವನನ್ನು ಅವಮಾನಿಸಿತ್ತು ನಿಜ, ಆದರೆ ವ್ಯಾಕರಣಬದ್ಧವಾಗಿ ಅವಮಾನಿಸಿತ್ತು.

ಒಮ್ಮೆ ಕ್ಯಾಂಟೀನಿನಲ್ಲಿ ಕೈ ತೊಳೆಯುವಾಗ ಅವನದೂ ಪಕ್ಕದ ಮೇಜಿನವನದೂ ಬ್ಯಾಡ್ಜು ಅದಲುಬದಲಾದವು. ಸಂಜೆಯವರೆಗೆ ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲ. ಮನೆಗೆ ಹೋಗಿ ಅಂಗಿ ಬಿಚ್ಚಿದಾಗ ಮೂಲೆ ಸವೆದಿರಲಿಲ್ಲವೆಂದು ತಿಳಿಯಿತು, ಅಷ್ಟೇ.

ಈ ಉರಿಯನ್ನು ಅವನು ಒಂದು ಕೆಂಪು ಪೆನ್ನಿನಿಂದ ಆರಿಸಿಕೊಳ್ಳುತ್ತಿದ್ದ. ಜೇಬಿನಲ್ಲಿ ಸದಾ ಇರುತ್ತಿದ್ದ ಆ ಪೆನ್ನಿಗೆ ಆಸ್ಪತ್ರೆಯ ಗೋಡೆಗಳೇ ಉತ್ತರಪತ್ರಿಕೆ. ಔಷಧಿ ಅಂಗಡಿಯ ಫಲಕದಲ್ಲಿ ಅಲ್ಪವಿರಾಮ ಹಾಕಿದ. ಶವಾಗಾರದ ಬಾಗಿಲ ಮೇಲಿನ ಸೂಚನೆಯಲ್ಲಿ ಎರಡು ದೊಡ್ಡ ಅಕ್ಷರಗಳನ್ನು ಹೊಡೆದು ಚಿಕ್ಕದು ಮಾಡಿದ. ಒಳಗಿದ್ದವರು ಯಾರೂ ತಕರಾರು ಮಾಡಲಿಲ್ಲ. ಒಂದು ದಿನ ಮ್ಯಾನೇಜರನ ಸುತ್ತೋಲೆಯನ್ನೇ ತಿದ್ದಿ, ಸೂಚನಾ ಫಲಕದಲ್ಲಿ ಏಳು ಕೆಂಪು ಗುರುತುಗಳೊಂದಿಗೆ ತೂಗುಹಾಕಿದ. ಮ್ಯಾನೇಜರ್ ಅದನ್ನು ನೋಡಿದ, ಏನೂ ಅನ್ನಲಿಲ್ಲ. ಗುಮಾಸ್ತ ಅದನ್ನು ಮೆಚ್ಚುಗೆ ಎಂದುಕೊಂಡ. ಅವನ ಬದುಕಿನಲ್ಲಿ ಇಂಥ ಮೆಚ್ಚುಗೆಗಳು ಬಹಳ ಇದ್ದವು.

ಮನೆ ಎಂದರೆ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಅಮ್ಮ ಮತ್ತು ಅಕ್ಕನ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಅಡುಗೆ ಮತ್ತು ಗುಮಾಸ್ತ. ಅಕ್ಕ ದೊಡ್ಡ ದರ್ಜಿ ಅಂಗಡಿಯೊಂದಕ್ಕೆ ಬಟ್ಟೆ ಹೊಲಿದು ಕೊಡುತ್ತಿದ್ದಳು. ಗಿರಾಕಿಗಳ ಮುಖ ಅವಳು ನೋಡಿದವಳಲ್ಲ, ಆದರೂ ಒಬ್ಬೊಬ್ಬರ ಹೊಟ್ಟೆ ಯಾವ ತಿಂಗಳು ಎಷ್ಟು ಬೆಳೆಯಿತು ಎಂಬುದು ಅವಳ ಬಾಯಲ್ಲಿತ್ತು. ತಮ್ಮನನ್ನು ಅವಳು ಪಂಡಿತ ಎಂದೇ ಕರೆಯುತ್ತಿದ್ದುದು.

ಅಮ್ಮ ಮಾತ್ರ ದಿನಾ ಸಂಜೆ ಅವನು ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದಳು: "ಬಂತಾ ಮಗಾ, ಹೆಸರು?"

"ಇನ್ನೂ ಇಲ್ಲಮ್ಮ."

"ನಾನು ನಿಂಗೆ ಹುಟ್ಟಿದ ಹನ್ನೆರಡನೇ ದಿನಕ್ಕೇ ಇಟ್ಟಿದ್ದೆ. ಅವರಿಗೆ ಮೂರು ವರ್ಷ ಬೇಕಾ?"

"ಬಿಡಮ್ಮ," ಅಕ್ಕ ಸೂಜಿಗೆ ದಾರ ಪೋಣಿಸುತ್ತ ಅನ್ನುತ್ತಿದ್ದಳು, "ಪಂಡಿತನ ಹೆಸರು ಬರೆಯೋಕೆ ಅಲ್ಲಿ ಯಾರಿಗೂ ಧೈರ್ಯ ಇಲ್ಲ. ತಪ್ಪು ಬರೆದ್ರೆ ಕೆಂಪು ಪೆನ್ನು ತೆಗೀತಾನಲ್ಲ."

ಹೀಗಿರುವಾಗ ಒಂದು ಬೆಳಗ್ಗೆ ಮ್ಯಾನೇಜರ್ ಅವನನ್ನು ಕರೆಸಿದ. ಕರೆಸಿದ ಎಂದರೆ ಬಾಗಿಲು ತೆರೆದು "ಏ ಕ್ಲರ್ಕ್" ಎಂದ. ಐವರು ಎದ್ದು ನಿಂತರು. "ನೀವಲ್ಲ, ಆ ಕೆಂಪು ಪೆನ್ನು," ಎಂದ. ಗುಮಾಸ್ತ ಎದೆಯುಬ್ಬಿಸಿ ಒಳಗೆ ಹೋದ.

ವಿಷಯ ಇಷ್ಟು. ಎರಡು ವಾರದಲ್ಲಿ ಹೊರಗಿನಿಂದ ತಪಾಸಣೆ ತಂಡ ಬರಲಿದೆ. ಅವರು ಒಪ್ಪಿದರೆ ಆಸ್ಪತ್ರೆಗೆ ಪ್ರಮಾಣಪತ್ರ. ತಂಡದವರ ಕೆಟ್ಟ ಚಾಳಿಯೆಂದರೆ ಡಾಕ್ಟರನ್ನು ಬಿಟ್ಟು ನೇರ ಕೆಳಗಿನವರ ಹತ್ತಿರ ಹೋಗಿ, ಇದೇನು, ಅದೇನು, ನಿನ್ನ ಕೆಲಸವೇನು ಎಂದು ಇಂಗ್ಲಿಷಿನಲ್ಲಿ ಕೇಳುವುದು. ಬೇರೊಂದು ಆಸ್ಪತ್ರೆಯಲ್ಲಿ ಲಾಂಡ್ರಿಯವರನ್ನು ಕೇಳಿದಾಗ ಎಲ್ಲರೂ ತುಟಿ ಪಿಟಕ್ಕೆನ್ನದೆ ನಿಂತರಂತೆ.

"ನಮ್ಮ ಲಾಂಡ್ರಿಯಲ್ಲಿ ಎಂಟು ಜನ ಹೆಂಗಸರಿದಾರೆ. ಅವರಿಗೆ ನಾಲ್ಕು ವಾಕ್ಯ ಇಂಗ್ಲಿಷ್ ಕಲಿಸು. ಅಲ್ಲಿರೋ ಪ್ರತಿಯೊಂದು ಸಾಮಾನಿಗೂ ಇಂಗ್ಲಿಷಲ್ಲಿ ಚೀಟಿ ಅಂಟಿಸು. ಲಾಂಡ್ರಿ ಪಾಸಾಗ್ಲಿ," ಮ್ಯಾನೇಜರ್ ಅವನ ಎದೆಯ ಕಡೆ ಪೆನ್ಸಿಲ್ ತೋರಿಸಿದ, "ಈ ಬ್ಯಾಡ್ಜು ಡಬ್ಬಿಗೆ ಹೋಗುತ್ತೆ. ನಿನ್ನ ಹೆಸರಿಂದು ಹೊಸದು ಬರುತ್ತೆ. ಕಾಯಂ."

"ದೊಡ್ಡ ಅಕ್ಷರದಲ್ಲಿ ಅಲ್ವಾ ಸಾರ್?"

ಮ್ಯಾನೇಜರ್ ಅವನನ್ನು ಒಂದು ಕ್ಷಣ ನೋಡಿದ. "ಬೇಕಾದ್ರೆ ಬಣ್ಣ ಹಾಕಿಸ್ತೀನಿ. ಹೋಗು."

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಇಳಿಯುತ್ತಿದ್ದಂತೆ ಸೋಪಿನ ಹಬೆ ಮುಖಕ್ಕೆ ರಾಚುತ್ತಿತ್ತು. ಒಂದು ಗೋಡೆಗೆ ನಾಲ್ಕು ದೊಡ್ಡ ವಾಷಿಂಗ್ ಮಿಷನ್ನು, ಎದುರು ಗೋಡೆಗೆ ಎರಡು ಡ್ರೈಯರು, ನಡುವೆ ಇಸ್ತ್ರಿ ಮಾಡುವ ಉದ್ದನೆಯ ಮೇಜು. ಕುರ್ಚಿ ಒಂದೂ ಇಲ್ಲ. ಗುಮಾಸ್ತ ಮೇಜಿನ ಒಂದು ತುದಿಗೆ ರಟ್ಟು ನಿಲ್ಲಿಸಿ ಪಾಠ ಶುರುಮಾಡಿದ. ಹೆಂಗಸರು ನಿಂತೇ ಕೇಳಿದರು, ಕೈಗಳು ಬೆಡ್‌ಶೀಟು ಮಡಚುತ್ತಲೇ ಇದ್ದವು. ಎಲ್ಲರಿಗಿಂತ ಹಿರಿಯರು ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದ ದೊಡ್ಡಮ್ಮ. ಅವರು ಯಾರ ದೊಡ್ಡಮ್ಮ ಎಂದು ಯಾರೂ ಕೇಳಿರಲಿಲ್ಲ. ಲಾಂಡ್ರಿಗೆಲ್ಲ ದೊಡ್ಡಮ್ಮ, ಆದ್ದರಿಂದ ಆಸ್ಪತ್ರೆಗೆಲ್ಲ ದೊಡ್ಡಮ್ಮ.

"ನೋಡಿ, ಎರಡೇ ಜಾತಿ," ಎಂದ ಗುಮಾಸ್ತ. "ಕಾಮನ್ ನೌನ್, ಪ್ರಾಪರ್ ನೌನ್. ಊರು ಅಂದ್ರೆ ಯಾವ ಊರೂ ಆಗಬಹುದು, ಅದು ಕಾಮನ್. ಆ ಊರಿಗೊಂದು ಹೆಸರಿದೆಯಲ್ಲ, ಅದು ಪ್ರಾಪರ್. ಹೆಂಗಸು ಕಾಮನ್. ನಿಮ್ಮ ಹೆಸರು ಪ್ರಾಪರ್. ದೊಡ್ಡಮ್ಮ, ನಿಮ್ಮ ಹೆಸರೇನು ಹೇಳಿ?"

ದೊಡ್ಡಮ್ಮ ಕೈಯಲ್ಲಿದ್ದ ಬೆಡ್‌ಶೀಟು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡರು. ಎಷ್ಟೋ ವರ್ಷದ ಮೇಲೆ ಪೆಟ್ಟಿಗೆಯಿಂದ ತೆಗೆದ ಸೀರೆಯಂತೆ ಹೆಸರನ್ನು ಮಡಿಕೆ ಬಿಚ್ಚಿ ಹೇಳಿದರು. ಅದೇ ಹೊತ್ತಿಗೆ ಡ್ರೈಯರು ಗುರ್ರೆಂದಿತು. ಗುಮಾಸ್ತ ರಟ್ಟಿನ ಕಡೆ ತಿರುಗಿ ಸೀಮೆಸುಣ್ಣ ಹುಡುಕುತ್ತಿದ್ದ.

"ಗುಡ್," ಎಂದ.

ಮೇಜಿನ ಆಚೆಯಿಂದ ಒಬ್ಬಳು ಕೇಳಿದಳು: "ಹಂಗಾದ್ರೆ ಮೌನಗೌರಿ ಪ್ರಾಪರ್ರೇ ಅಲ್ವಾ ಸಾರ್?"

"ಹೌದಮ್ಮ, ಪ್ರಾಪರ್. ಯಾರದು? ಇವತ್ತು ರಜಾನಾ?"

ಎಂಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ರಜಾ ಎಲ್ಲಿ ಸಾರ್! ನಿಮ್ಮ ಹಿಂದೇನೇ ನಿಂತಿದಾಳೆ, ನೋಡಿ."

ಗುಮಾಸ್ತ ತಿರುಗಿದ. ಹಿಂದೆ ಇದ್ದದ್ದು ವಾಷಿಂಗ್ ಮಿಷನ್ನು. ಅದರ ಹಣೆಗೆ ಬಿಳಿ ಟೇಪು, ಟೇಪಿನ ಮೇಲೆ ಮಾಸಿದ ಅಕ್ಷರದಲ್ಲಿ ಮೌನಗೌರಿ. ಆಗಲೇ ಅವನು ಉಳಿದವನ್ನೂ ಓದಿದ್ದು. ಬಾಗಿಲಿನಿಂದ ಮೊದಲನೆಯದು ಕುಂಭಕರ್ಣ, ಎರಡನೆಯದು ಗಡಿಬಿಡಿ, ಮೂರನೆಯದು ಮೌನಗೌರಿ, ನಾಲ್ಕನೆಯದು ಅಳುಮುಂಜಿ.

"ಇದೇನಿದು? ಮಿಷನ್ನಿಗೆ ಯಾರಾದ್ರೂ ಹೆಸರಿಡ್ತಾರಾ?"

"ಸುಮ್ನೆ ಇಟ್ಟಿಲ್ಲ ಸಾರ್," ದೊಡ್ಡಮ್ಮ ಹತ್ತಿರ ಬಂದರು. "ಕುಂಭಕರ್ಣನ ಗುಂಡಿ ಒತ್ತಿದ್ರೆ ಎರಡು ನಿಮಿಷ ಏಳಲ್ಲ. ಏಳ್ಲಿಲ್ಲ ಅಂತ ಇನ್ನೊಂದ್ಸಲ ಒತ್ತಿದ್ರೋ, ಇಡೀ ನೆಲಮಾಳಿಗೆ ಫ್ಯೂಸು ಹೋಗುತ್ತೆ. ಗಡಿಬಿಡಿ ಸೋಪು ಬಿಡಿಸೋ ಮುಂಚೆನೇ ಮುಗೀತು ಅಂತ ಕೂಗುತ್ತೆ. ಮೌನಗೌರಿ ಮುಗಿದ್ರೂ ಕೂಗಲ್ಲ, ಹೋಗಿ ನೋಡ್ಬೇಕು. ಇನ್ನು ಅಳುಮುಂಜಿಗೆ ಅರ್ಧ ಹೊಟ್ಟೆ ಮಾತ್ರ. ಅದಕ್ಕಿಂತ ಒಂದು ದಿಂಬಿನ ಚೀಲ ಜಾಸ್ತಿ ಹಾಕಿದ್ರೂ ಬಾಗಿಲ ಕೆಳಗಿಂದ ಅಳೋಕೆ ಶುರು ಮಾ..."

"ಸರಿ ಸರಿ, ಆ ಪುರಾಣ ಆಮೇಲೆ," ಎಂದ ಗುಮಾಸ್ತ. "ಟೈಮಿಲ್ಲ. ನಾಲ್ಕೂ ಒಂದೇ ಕಂಪನಿ, ಒಂದೇ ಮಾಡೆಲ್ಲು. ಒಂದೇ ಜಾತಿಗೆ ಒಂದೇ ಹೆಸರು, ಅದೇ ಕಾಮನ್ ನೌನ್. ವಾಷಿಂಗ್ ಮಿಷನ್. ಮುಗೀತು."

"ಸ್ಕೂಲಲ್ಲಿ ನಮಗೆ ಮೂರು ಹೇಳ್ಕೊಟ್ಟಿದ್ರಲ್ಲ ಸಾರ್," ಹೊಸದಾಗಿ ಸೇರಿದವಳು ಕೈಯೆತ್ತಿದಳು. "ರೂಢನಾಮ, ಅಂಕಿತನಾಮ, ಆಮೇಲೆ ಗುಣ ನೋಡಿ ಇಡೋದು ಒಂದು."

"ಅನ್ವರ್ಥನಾಮ. ಅದು ನಮ್ಮ ವ್ಯಾಕರಣ. ಇಂಗ್ಲಿಷಲ್ಲಿ ಆ ಖಾನೆ ಇಲ್ಲ."

"ಅಯ್ಯೋ ಪಾಪ," ಎಂದರು ದೊಡ್ಡಮ್ಮ ನಿಜವಾದ ಮರುಕದಿಂದ. "ಮತ್ತೆ ಅವರು ಮಿಷನ್ನು ಹೆಂಗೆ ಓಡಿಸ್ತಾರೆ?"

ಗುಮಾಸ್ತ ಆ ಪ್ರಶ್ನೆಗೆ ಸೊಪ್ಪು ಹಾಕಲಿಲ್ಲ. ಮರುದಿನ ಬ್ಲೇಡು ತಂದು ನಾಲ್ಕೂ ಟೇಪುಗಳನ್ನು ಕೆರೆದು ತೆಗೆದ. ಅವುಗಳ ಜಾಗಕ್ಕೆ ಲ್ಯಾಮಿನೇಷನ್ ಮಾಡಿಸಿದ ಹೊಳೆಯುವ ಚೀಟಿಗಳು ಬಂದವು: ವಾಷಿಂಗ್ ಮಿಷನ್ ಒಂದು, ಎರಡು, ಮೂರು, ನಾಲ್ಕು. ಹೆಸರಿನ ಕೆಳಗೆ ಬೋಳಾಗಿ ಕಂಡಿತೆಂದು ಕಂಪನಿಯ ಪುಸ್ತಕ ತೆರೆದು, ಸಾಮರ್ಥ್ಯ ಮೂವತ್ತು ಕೇಜಿ ಎಂದು ನಾಲ್ಕಕ್ಕೂ ಒಂದೇ ಸಾಲು ಸೇರಿಸಿದ. ಒಂದೇ ಜಾತಿಯ ಮೇಲೆ ಒಂದು ಮಾತು ನಿಜವಾದರೆ ಎಲ್ಲದರ ಮೇಲೂ ನಿಜ. ಗೋಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವನಿಗೆ ಕಣ್ಣು ತುಂಬಿ ಬಂತು. ಅಷ್ಟು ಅಚ್ಚುಕಟ್ಟಾಗಿತ್ತು.

ಹತ್ತು ದಿನ ಕಂಠಪಾಠ ನಡೆಯಿತು. ಏಳು ಜನ ಚೆನ್ನಾಗಿ ಕಲಿತರು. ಹೊಸದಾಗಿ ಸೇರಿದವಳಂತೂ ಡ್ರೈಯರಿನ ಮೇಲೆ ಕೈಯೂರಿ, ದಿಸ್ ಈಸ್ ಎ ಡ್ರೈಯರ್ ಎಂದು ಸೀರೆ ಅಂಗಡಿಯವರಂತೆ ಹೇಳುತ್ತಿದ್ದಳು. ತೊಡಕಾದದ್ದು ದೊಡ್ಡಮ್ಮ ಒಬ್ಬರದೇ. "ದಿಸ್ ಈಸ್ ವಾಷಿಂಗ್ ಮಿಷನ್ ನಂಬರ್ ಫೋರ್" ಎಂದು ಸ್ಪಷ್ಟವಾಗಿ ಹೇಳಿ, ಆಮೇಲೆ ಮಗುವಿಗೆ ಸಮಾಧಾನ ಮಾಡುವಂತೆ "ಅಳುಮುಂಜಿ" ಎಂದು ಸೇರಿಸಿಬಿಡುತ್ತಿದ್ದರು.

"ಅದನ್ನ ಹೇಳ್ಬೇಡಿ ಅಂದ್ನಲ್ಲ ದೊಡ್ಡಮ್ಮ."

"ಬಾಯಿಗೆ ಬಂದ್ಬಿಡುತ್ತೆ ಸಾರ್. ನಾನು ಹೇಳ್ದೇ ಇದ್ರೆ ಇವರು ಮರ್ತು ತುಂಬ್ಬಿಡ್ತಾರೆ."

ಗುಮಾಸ್ತನಿಗೆ ಹೊಸ ಬ್ಯಾಡ್ಜು ಕಣ್ಣ ಮುಂದೆ ಕುಣಿಯುತ್ತಿತ್ತು. ಇಪ್ಪತ್ತಾರು ವರ್ಷದ ನಾಲಿಗೆಯೊಂದು ಅದನ್ನು ಕಿತ್ತುಕೊಳ್ಳುವುದು ಅವನಿಗೆ ಬೇಡವಾಗಿತ್ತು. ಮ್ಯಾನೇಜರನ ಹತ್ತಿರ ಹೋಗಿ ತಲೆ ಕೆರೆದುಕೊಳ್ಳುತ್ತ ಒಂದು ಸಲಹೆ ಕೊಟ್ಟ: ತಪಾಸಣೆಯ ದಿನ ದೊಡ್ಡಮ್ಮನನ್ನು ಮೇಲಿನ ಮಹಡಿಯ ಉಗ್ರಾಣಕ್ಕೆ ಕಳಿಸೋಣ, ಮಿಷನ್ನಿನ ಹತ್ತಿರ ರಿಸೆಪ್ಷನ್ನಿನ ಇಬ್ಬರು ಹುಡುಗಿಯರನ್ನು ನಿಲ್ಲಿಸೋಣ. ಅವರಿಗೆ ಇಂಗ್ಲಿಷ್ ಬರುತ್ತೆ, ನೋಡೋಕೂ ಲಕ್ಷಣವಾಗಿದಾರೆ.

"ತಲೆ ಓಡುತ್ತೆ ಕಣೋ ನಿಂಗೆ," ಎಂದ ಮ್ಯಾನೇಜರ್. ಮೂರು ವರ್ಷದಲ್ಲಿ ಅವನು ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ.

ಅಂದು ಸಂಜೆ ಮನೆಯಲ್ಲಿ ಗುಮಾಸ್ತ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದಾಗ ಅಕ್ಕ ಹೊಲಿಗೆ ನಿಲ್ಲಿಸಿದಳು.

"ಇಪ್ಪತ್ತಾರು ವರ್ಷ ಓಡಿಸಿದವರನ್ನ ಅಟ್ಟ ಹತ್ತಿಸಿ, ಸೋಪಿನ ನೊರೆ ನೋಡದವರನ್ನ ತಂದು ನಿಲ್ಲಿಸ್ದೆ ಅನ್ನು."

"ಒಂದು ಗಂಟೆ ಕಣೆ ಅಕ್ಕ. ಬರ್ತಾರೆ, ನೋಡ್ತಾರೆ, ಹೋಗ್ತಾರೆ."

"ಅವರ ಹೆಸರೇನು, ಆ ದೊಡ್ಡಮ್ಮಂದು?"

ಗುಮಾಸ್ತ ಅಮ್ಮನ ಕಡೆ ತಿರುಗಿದ. "ಊಟ ಬಡಿಸಮ್ಮ," ಎಂದ.

ತಪಾಸಣೆಯ ದಿನ ನೆಲಮಾಳಿಗೆ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ತಂಡದಲ್ಲಿ ಮೂವರು: ಎಲ್ಲದರ ಬಿಸಿ ಅಳೆಯುವ ಒಬ್ಬ, ಎಲ್ಲದರ ಫೋಟೋ ಹಿಡಿಯುವ ಒಬ್ಬ, ಇಬ್ಬರಿಗೂ ಮೇಲೆ ಕನ್ನಡಕದ ಹೆಂಗಸೊಬ್ಬರು. ಕನ್ನಡಕದವರು ಚೀಟಿಗಳನ್ನು ಒಂದೊಂದಾಗಿ ಓದಿ ತಲೆದೂಗಿದರು. ಮ್ಯಾನೇಜರ್ ಗುಮಾಸ್ತನ ಕಡೆ ನೋಡಿ ಕಣ್ಣಲ್ಲೇ ಶಭಾಷ್ ಅಂದ. ಬ್ಯಾಡ್ಜು ಅಚ್ಚಿನ ಮನೆಯಿಂದ ಹೊರಟು ಅರ್ಧ ದಾರಿಗೆ ಬಂದಂತೆ ಗುಮಾಸ್ತನಿಗೆ ಅನ್ನಿಸಿತು.

"ಇದೇನು?" ಕನ್ನಡಕದವರು ಇಂಗ್ಲಿಷಿನಲ್ಲಿ ಕೇಳಿದರು.

ರಿಸೆಪ್ಷನ್ನಿನ ಹುಡುಗಿ ಫೋನಿನಲ್ಲಿ ಹೇಳುವ ದನಿಯಲ್ಲೇ ಉಲಿದಳು: ಇದು ವಾಷಿಂಗ್ ಮಿಷನ್ ನಂಬರ್ ಫೋರ್, ಸಾಮರ್ಥ್ಯ ಮೂವತ್ತು ಕೇಜಿ.

"ಬಹಳ ಸಂತೋಷ. ಮೂವತ್ತು ಕೇಜಿ ಹಾಕಿ ತೋರಿಸಿ."

ಗೋಡೆಗೆ ಒತ್ತಿಕೊಂಡು ನಿಂತಿದ್ದ ಏಳೂ ಹೆಂಗಸರು ಒಟ್ಟಿಗೆ ಉಸಿರು ಎಳೆದುಕೊಂಡರು. ಹೊಸದಾಗಿ ಸೇರಿದವಳು "ಸಾರ್, ಅಳು..." ಎಂದು ಬಾಯಿ ತೆರೆದಳು. ಗುಮಾಸ್ತ ಅವಳನ್ನು ದುರುಗುಟ್ಟಿ ನೋಡಿದ. ಅವನೇ ಕಲಿಸಿದ ಶಿಸ್ತು, ಬಾಯಿ ಮುಚ್ಚಿಕೊಂಡಿತು.

ಹುಡುಗಿ ತೂಕ ಮಾಡಿ ಮೂವತ್ತು ಕೇಜಿ ಬೆಡ್‌ಶೀಟು ತುಂಬಿದಳು. ಗುಂಡಿ ಒತ್ತಿದಳು. ನಾಲ್ಕು ನಿಮಿಷ ಮಿಷನ್ನು ಒಳ್ಳೆಯ ಮನೆತನದವರಂತೆ ತಿರುಗಿತು. ಅದೇ ಹೊತ್ತಿನಲ್ಲಿ ಬಿಸಿ ಅಳೆಯುವವನು ಇನ್ನೊಬ್ಬ ಹುಡುಗಿಗೆ ಒಂದನೇ ನಂಬರನ್ನೂ ಓಡಿಸಲು ಹೇಳಿದ. ಅವಳು ಒತ್ತಿದಳು. ಅದು ಏಳಲಿಲ್ಲ. ಇಷ್ಟು ಜನರ ಮುಂದೆ ಸುಮ್ಮನೆ ನಿಲ್ಲುವುದು ಹೇಗೆ? ಇನ್ನೊಮ್ಮೆ ಒತ್ತಿದಳು.

ಠಪ್ ಎಂದು ದೀಪ ಆರಿತು. ಡ್ರೈಯರುಗಳು ನಿಟ್ಟುಸಿರು ಬಿಟ್ಟು ನಿಂತವು. ಮೆಟ್ಟಿಲ ಕಡೆಯಿಂದ ಬರುತ್ತಿದ್ದ ಮಬ್ಬು ಬೆಳಕಿನಲ್ಲಿ, ಆ ನಿಶ್ಶಬ್ದದಲ್ಲಿ, ನಾಲ್ಕನೇ ನಂಬರು ಅಳತೊಡಗಿತು. ಮೊದಲು ಬಾಗಿಲ ಕೆಳಗಿಂದ ಒಂದು ಹನಿ, ಆಮೇಲೆ ಒಂದು ಎಳೆ, ಆಮೇಲೆ ಬಾಲ್ದಿಗಟ್ಟಲೆ ಸೋಪಿನ ನೀರು. ಅದು ಮೊದಲು ಹೋಗಿ ಮುಟ್ಟಿದ್ದು ಕನ್ನಡಕದವರ ಪಾದಗಳನ್ನು. ಗುಮಾಸ್ತ ಬಾಗಿಲ ಹಿಡಿ ಎಳೆದ, ಬರಲಿಲ್ಲ. ಚೀಟಿ ಮಾತ್ರ ಕಿತ್ತು ಕೈಗೆ ಬಂತು.

"ಕರೀರೋ ಅವಳನ್ನ!" ಮ್ಯಾನೇಜರ್ ಕಿರುಚಿದ. "ಉಗ್ರಾಣಕ್ಕೆ ಕಳಿಸಿದ್ವಲ್ಲ, ಅವಳನ್ನ! ಮೈಕಲ್ಲಿ ಕರಿ!"

ಗುಮಾಸ್ತ ಬಾಲ ಸುಟ್ಟ ಬೆಕ್ಕಿನಂತೆ ಮೆಟ್ಟಿಲು ಹತ್ತಿ ರಿಸೆಪ್ಷನ್ನಿನ ಮೈಕಿನ ಮುಂದೆ ನಿಂತ. ಗುಂಡಿ ಒತ್ತಿದ. ಇಡೀ ಆಸ್ಪತ್ರೆಯಲ್ಲಿ ಅವನ ಏದುಸಿರು ಕೇಳಿಸಿತು. ಏನೆಂದು ಕರೆಯುವುದು? ಅವರು ಹೆಸರು ಹೇಳಿದ್ದರು. ಅವನೇ ಕೇಳಿದ್ದ, ಅವನೇ ಗುಡ್ ಎಂದಿದ್ದ. ಬೇರೆ ದಾರಿ ಕಾಣದೆ ಕೂಗಿದ:

"ದೊಡ್ಡಮ್ಮ... ದೊಡ್ಡಮ್ಮ ಎಲ್ಲಿದ್ರೂ ತಕ್ಷಣ ಕೆಳಗಿನ ಲಾಂಡ್ರಿಗೆ ಬರಬೇಕು. ತುಂಬಾ ಅರ್ಜೆಂಟು."

ಅದು ರೋಗಿಗಳನ್ನು ನೋಡಲು ನೆಂಟರು ಬರುವ ಹೊತ್ತು. ಅವನು ನೋಡನೋಡುತ್ತಿದ್ದಂತೆ ಕಾಯುವ ಹಾಲಿನ ಬೆಂಚುಗಳಿಂದ ಹನ್ನೊಂದು ದೊಡ್ಡಮ್ಮಂದಿರು ಎದೆ ಹಿಡಿದುಕೊಂಡು ಎದ್ದರು. ಒಬ್ಬರ ಕೈಯಲ್ಲಿ ಕಿತ್ತಳೆ, ಒಬ್ಬರ ಕೈಯಲ್ಲಿ ಫ್ಲಾಸ್ಕು. "ಅಯ್ಯೋ, ನನ್ನ ತಂಗಿ ಮಗನಿಗೆ ಏನಾಯ್ತೋ!" "ಯಾವ ಕಡೆ ಅಂದ್ರಪ್ಪ?" "ಕೆಳಗಂತೆ, ಕೆಳಗೆ ಬನ್ನಿ!" ತಡೆಯಲು ಹೋದ ಕಾವಲುಗಾರನನ್ನು ಪಕ್ಕಕ್ಕೆ ಸರಿಸಿ ಆ ದಂಡು ಮೆಟ್ಟಿಲಿಳಿಯಿತು. ಕತ್ತಲ ಲಾಂಡ್ರಿಯಲ್ಲಿ, ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದ ತಪಾಸಣೆ ತಂಡದ ಸುತ್ತ ಹನ್ನೊಂದು ದೊಡ್ಡಮ್ಮಂದಿರು ತಂತಮ್ಮ ಮಕ್ಕಳನ್ನು ಹುಡುಕತೊಡಗಿದರು.

ಹನ್ನೆರಡನೆಯವರಾಗಿ ನಿಜವಾದ ದೊಡ್ಡಮ್ಮ ಬಂದರು. ಓಡಿ ಬರಲಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಿಷನ್ನಿನ ಹಿಂದೆ ಕೈ ತೂರಿಸಿ ನಲ್ಲಿ ತಿರುಗಿಸಿದರು. ಬಾಗಿಲಿಗೆ ಮೊಣಕೈಯಿಂದ ಒಂದು ಗುದ್ದು ಕೊಟ್ಟರು, ತೆರೆದುಕೊಂಡಿತು. "ಆಯ್ತು ಆಯ್ತು, ಅಳ್ಬೇಡ," ಎನ್ನುತ್ತ ಅರ್ಧ ಬಟ್ಟೆ ಹೊರಗೆಳೆದರು. "ಫ್ಯೂಸು ಹಾಕ್ಬಾರೆ," ಎಂದರು. ಹೊಸದಾಗಿ ಸೇರಿದವಳು ಓಡಿದಳು. ದೀಪ ಬಂತು.

ಕನ್ನಡಕದವರು ಒದ್ದೆ ಚಪ್ಪಲಿಯಲ್ಲೇ ಹತ್ತಿರ ಬಂದರು. "ಯಾಕಮ್ಮ ಹೀಗಾಯ್ತು?" ಎಂದರು, ಈ ಸಲ ನಮ್ಮ ಭಾಷೆಯಲ್ಲೇ.

ದೊಡ್ಡಮ್ಮ ಗುಮಾಸ್ತನ ಕಡೆ ನೋಡಿದರು. ಅನುಮತಿ ಕೇಳುವ ನೋಟ. ಅದೇ ಅವನಿಗೆ ಹೆಚ್ಚು ಚುಚ್ಚಿದ್ದು. ಅವನು ತಲೆ ತಗ್ಗಿಸಿದ. ದೊಡ್ಡಮ್ಮ ಕುಂಭಕರ್ಣನಿಂದ ಶುರುಮಾಡಿದರು. ಕನ್ನಡಕದವರು ಒಂದೊಂದು ಹೆಸರನ್ನೂ ಬರೆದುಕೊಂಡರು, ಮೌನಗೌರಿಯ ಹತ್ತಿರ ಬಂದಾಗ ನಕ್ಕೂಬಿಟ್ಟರು. ಹನ್ನೊಂದು ದೊಡ್ಡಮ್ಮಂದಿರು ಸುತ್ತ ನಿಂತು ಕೇಳಿ, ತಮ್ಮ ತಮ್ಮ ಮನೆಯ ಮಿಷನ್ನುಗಳ ಗುಣದೋಷಗಳನ್ನೂ ಸೇರಿಸಿದರು.

ವಾರದ ಮೇಲೆ ವರದಿ ಬಂತು. ಪ್ರಮಾಣಪತ್ರ ಈಗಿಲ್ಲ, ಮೂರು ತಿಂಗಳ ನಂತರ ಮತ್ತೆ ತಪಾಸಣೆ. ಅಷ್ಟರೊಳಗೆ ಕೆಟ್ಟದ್ದನ್ನು ರಿಪೇರಿ ಮಾಡಿಸತಕ್ಕದ್ದು, ಅಲ್ಲಿಯವರೆಗೆ ಪ್ರತಿ ಯಂತ್ರದ ಮೇಲೆ ಅದರದರ ದೋಷವನ್ನು ಸಿಬ್ಬಂದಿಗೆ ಅರ್ಥವಾಗುವಂತೆ ಬರೆಯತಕ್ಕದ್ದು. ಮ್ಯಾನೇಜರ್ ಎರಡನೇ ಭಾಗವನ್ನು ತನ್ನದೇ ಆಲೋಚನೆ ಎಂದು ಸುತ್ತೋಲೆ ಹೊರಡಿಸಿದ. ಮೊದಲ ಭಾಗದ ಸುದ್ದಿ ಎತ್ತಲಿಲ್ಲ.

ಅದೇ ಸಂಜೆ ಗುಮಾಸ್ತನ ಮೇಜಿನ ಮೇಲೆ ಒಂದು ಲಕೋಟೆ. ತೆರೆದ. ಹೆಸರು! ಅವನ ಹೆಸರು, ಅಪ್ಪನ ಹೆಸರಿನ ಸಮೇತ, ಎರಡಕ್ಕೂ ದೊಡ್ಡ ಅಕ್ಷರ, ಕೆಳಗೊಂದು ಗೆರೆ. ಮೂರು ವರ್ಷದಲ್ಲಿ ಆಸ್ಪತ್ರೆಯ ಕಾಗದದ ಮೇಲೆ ಅದು ಮೊದಲ ಸಲ ಮೂಡಿತ್ತು. ಎಷ್ಟು ಚೆನ್ನಾಗಿ ಕಂಡಿತೆಂದರೆ, ಅದರ ಕೆಳಗಿನದನ್ನು ಓದಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಲಾಂಡ್ರಿಯ ಪ್ರಕರಣಕ್ಕೆ ಈ ಮೇಲ್ಕಂಡವರನ್ನೇ ಏಕೆ ಹೊಣೆ ಮಾಡಬಾರದು, ಮೂರು ದಿನದಲ್ಲಿ ಸಮಜಾಯಿಷಿ ಕೊಡತಕ್ಕದ್ದು.

ಇಂಗ್ಲಿಷ್ ಓದಲು ಬಾರದ ಅಮ್ಮ ಲಕೋಟೆ ನೋಡಿ ಹಿಗ್ಗಿಹೋದಳು. "ಎಲ್ಲಿ, ನಿನ್ನ ಹೆಸರೆಲ್ಲಿ? ಇದಾ? ಎಷ್ಟು ದಪ್ಪಗೆ ಬರ್ದಿದಾರೆ ನೋಡು! ಕೊನೆಗೂ ಬಂತಲ್ಲ!" ಅಕ್ಕ ಕಾಗದ ಕಸಿದು ಓದಿದಳು. ಅವಳ ಮುಖದಲ್ಲಿ ನಗು ಬಂದು, ಅಮ್ಮನ ಮುಖ ನೋಡಿ, ಅಲ್ಲೇ ನಿಂತಿತು.

"ಹೌದಮ್ಮ," ಎಂದಳು, "ಇಷ್ಟು ಜನರಲ್ಲಿ ಇವನೊಬ್ಬನನ್ನೇ ಹೆಸರು ಹಿಡಿದು ಕರ್ದಿದಾರೆ."

ಸಮಜಾಯಿಷಿ ಬರೆಯಲು ಕೂತ ಗುಮಾಸ್ತ ಮೂರನೇ ಸಾಲಿಗೆ ನಿಂತ. ನೀರು ನಿಲ್ಲಿಸಿದವರ ಹೆಸರು ಬೇಕಿತ್ತು. ಮರುದಿನ ನೆಲಮಾಳಿಗೆಗೆ ಇಳಿದು, ಮೇಜಿನ ಹತ್ತಿರ ನಿಂತು ಹೆಸರು ಕೇಳಿದ.

"ಅವತ್ತು ಹೇಳಿದ್ನಲ್ಲ ಸಾರ್," ಎಂದರು ದೊಡ್ಡಮ್ಮ ಮಡಚುವುದನ್ನು ನಿಲ್ಲಿಸದೆ. "ಪ್ರಾಪರ್ ನೌನ್ ಅಂದ್ರಿ, ಹೇಳ್ದೆ. ನೀವು ಗುಡ್ ಅಂದ್ರಿ."

"ಕೇಳಿಸ್ಲಿಲ್ಲ ದೊಡ್ಡಮ್ಮ."

"ಕೇಳಿಸ್ಲಿಲ್ಲ ಅಂದ್ರೆ ಗುಡ್ ಅಂತ ಹೆಂಗೆ ಗೊತ್ತಾಯ್ತು?"

ಗುಮಾಸ್ತ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟ. "ಇನ್ನೊಂದ್ಸಲ ಹೇಳ್ಬೇಕಾದ್ರೆ," ದೊಡ್ಡಮ್ಮ ಗೋಡೆಯ ಕಡೆ ಗದ್ದ ಎತ್ತಿದರು, "ಮೊದಲು ಅವುಗಳ ಹೆಸರು ಅವುಗಳಿಗೆ ಕೊಡಿ." ಗುಮಾಸ್ತ ಉಳಿದ ಮೂರು ಚೀಟಿ ಕಿತ್ತ, ಬಿಳಿ ಟೇಪು ಅಂಟಿಸಿದ, ಅವರು ಹೇಳಿದಂತೆ ನಾಲ್ಕೂ ಹೆಸರು ಬರೆದ. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರವೆಂಬ ಭೇದವಿಲ್ಲದ್ದರಿಂದ ಎಲ್ಲವೂ ಒಂದೇ ಎತ್ತರಕ್ಕೆ ಬಂದವು. ಆಮೇಲೆ ದೊಡ್ಡಮ್ಮ ಡ್ರೈಯರು ನಿಲ್ಲಿಸಿ ತಮ್ಮ ಹೆಸರು ಹೇಳಿದರು. ಅವನು ಎರಡು ಸಲ ಕೇಳಿ ಬರೆದುಕೊಂಡ.

ಸಮಜಾಯಿಷಿ ಓದಿದ ಮ್ಯಾನೇಜರ್ ಹುಬ್ಬು ಗಂಟಿಕ್ಕಿದ. "ಯಾರಿದು? ಇಷ್ಟುದ್ದ ಹೆಸರಿನವರು ನಮ್ಮಲ್ಲಿ ಯಾರಿದಾರೆ?"

"ದೊಡ್ಡಮ್ಮ ಸಾರ್."

"ಹಾಗೇ ಬರೀಬಾರ್ದಾ!"

ಕೆಲಸ ಹೋಗಲಿಲ್ಲ. ಕಾಯಂ ಕೂಡ ಆಗಲಿಲ್ಲ. ಇನ್ನೊಂದು ಹನ್ನೊಂದು ತಿಂಗಳು ಹಂಗಾಮಿ, ಅದೇ ಸವೆದ ಬ್ಯಾಡ್ಜು, ಆದರೆ ಮೇಜು ಮಾತ್ರ ನೆಲಮಾಳಿಗೆಗೆ. ಲಾಂಡ್ರಿಯ ಲೆಕ್ಕ ಬರೆಯಲು ಹಬೆಯೊಳಗೆ ಕೂರುವವರು ಬೇರೆ ಯಾರೂ ಸಿಕ್ಕಿರಲಿಲ್ಲ. ಮೊದಲ ದಿನ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅವನ ಮೇಜಿನ ಅಂಚಿಗೆ ಬಿಳಿ ಟೇಪು ಅಂಟಿತ್ತು. ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ಮೂವತ್ತು ಕೇಜಿ.

ಡ್ರೈಯರಿನ ಆಚೆ ಹೊಸದಾಗಿ ಸೇರಿದವಳು ತನಗಿಂತ ಹೊಸಬಳೊಬ್ಬಳಿಗೆ ಕೆಲಸ ಹೇಳಿಕೊಡುತ್ತಿದ್ದಳು. ಕುಂಭಕರ್ಣ, ಗಡಿಬಿಡಿ, ಮೌನಗೌರಿ, ಅಳುಮುಂಜಿ, ಎಲ್ಲವೂ ಮುಗಿದವು.

"ಆಮೇಲೆ ಆ ಮೇಜಲ್ಲಿ ಕೂರ್ತಾರಲ್ಲ, ಅವರು ಮೂವತ್ತು ಕೇಜಿ."

"ಅಷ್ಟು ದಪ್ಪ ಇಲ್ವಲ್ಲೇ ಅವರು?"

"ದಪ್ಪಕ್ಕಲ್ಲ ಕಣೆ. ಚೀಟಿ ಮೇಲೆ ಮೂವತ್ತು ಅಂತಿರುತ್ತೆ, ಒಳಗೆ ಅಷ್ಟು ಹಿಡ್ಸಲ್ಲ. ಒಂದ್ಸಲಕ್ಕೆ ಒಂದೇ ವಿಷಯ ಹೇಳು, ಕೇಳಿಸ್ತಾ ಅಂತ ಕೇಳು, ಆಮೇಲೆ ಎರಡನೇದು."

"ಕೆಟ್ಟೋರಾ?"

"ಅಯ್ಯೋ ಇಲ್ಲಪ್ಪ. ಅರ್ಧ ತುಂಬಿದ್ರೆ ಚೆನ್ನಾಗಿ ಓಡ್ತಾರೆ."

ಇಡೀ ಆಸ್ಪತ್ರೆಯಲ್ಲಿ ಆ ಹೆಸರು ಇನ್ನೊಬ್ಬರಿಗೆ ಇರಲಿಲ್ಲ, ಇರುವ ಸಂಭವವೂ ಇರಲಿಲ್ಲ. ಗುಮಾಸ್ತ ಟೇಪಿನ ಮೇಲೆ ಬಾಗಿದ. ಜೇಬಿನಿಂದ ಕೆಂಪು ಪೆನ್ನು ತೆಗೆದು ಮುಚ್ಚಳ ಬಿಚ್ಚಿ, ಎಲ್ಲಿ ತಪ್ಪಿದೆ ಎಂದು ಹುಡುಕಿದ. ಎಲ್ಲೂ ಇರಲಿಲ್ಲ.